ಯಾರ ಮಾತು ಕೇಳಬೇಕು? – ಕೆನರಾದಲ್ಲಿ ಸಂತ ಜೋಸೆಫ್ ವಾಜ್

ಪ್ರತಿ ವರ್ಷ ಜನವರಿ 16ರಂದು ಧರ್ಮಸಭೆಯು ಸಂತ ಜೋಸೆಫ್ ವಾಜ್ ಅವರ ಹಬ್ಬವನ್ನು ಆಚರಿಸುತ್ತದೆ. ಅಂದು ಮಂಗಳೂರು ಸಮೀಪದ ಮುಡಿಪು ಗುಡ್ಡದ ಪುಣ್ಯಕ್ಷೇತ್ರಕ್ಕೆ ಜನ ಹೋಗುತ್ತಾರೆ, ಅಲ್ಲಿಯ ಒರತೆಗಳ ನೀರನ್ನು ಬಾಟಲಿಗಳಲ್ಲಿ ತುಂಬಿಸಿಕೊಂಡು ಮನೆಗೆ ಬರುತ್ತಾರೆ. ಸಂತರು ಮೊಣಕಾಲೂರಿ ಪ್ರಾರ್ಥಿಸಿದ ಕಡೆ, ಕೋಲು ಊರಿದ ಕಡೆ ಆ ನೀರು ಚಿಮ್ಮಿತೆಂಬುದು ನಮ್ಮ ಹಿರಿಯರಿಂದ ಬಂದ ನಂಬಿಕೆ. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಈ ಲೇಖನದಲ್ಲಿ ಹೇಳಹೊರಟಿರುವುದು ಒರತೆಯ ಕಥೆಯಲ್ಲ. ನಮ್ಮ ಕರಾವಳಿಯಲ್ಲಿ ಈ ಸಂತರು ಕಳೆದ 3 ವರ್ಷಗಳಲ್ಲಿ ಅವರ ಮುಂದೆ ಒಂದು ಕಷ್ಟದ ಪ್ರಶ್ನೆ ಬಂದು ನಿಂತಿತ್ತು. ದೇವರಿಗೆ ವಿಧೇಯನಾಗಬೇಕು ಎಂಬುದೇನೋ ಸರಿ, ಆದರೆ ದೇವರ ಹೆಸರಿನಲ್ಲಿ ಇಬ್ಬರು ಎರಡು ಮಾತು ಹೇಳಿದಾಗ ಯಾರ ಮಾತು ಕೇಳಬೇಕು?

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಸಾಲ್ಸೆಟ್ ಪ್ರಾಂತ್ಯದ ಬೆನೌಲಿಮ್ ಗ್ರಾಮದಲ್ಲಿ. ಅದು ತಾಯಿಯ ಊರು. ತಂದೆ ಕ್ರಿಸ್ಟೊವಾವೊ ವಾಜ್ ಅವರದ್ದು ಸಂಕ್ವಾಲೆ. ಮನೆಮಾತು ಕೊಂಕಣಿ. ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲತೀನ್ ಕಲಿತು, ಗೋವಾದ ಸಂತ ಪೌಲರ ಕಾಲೇಜಿನಲ್ಲಿ ಓದಿ, ಮುಂದೆ ತತ್ವಶಾಸ್ತ್ರ ಹಾಗೂ ದೈವಶಾಸ್ತ್ರದ ಅಭ್ಯಾಸ ಮುಗಿಸಿ 1676ರಲ್ಲಿ ಯಾಜಕ ದೀಕ್ಷೆ ಪಡೆದರು. ದೀಕ್ಷೆಯಾದ ಮೇಲೆ ಬಡವರಂತೆ ಬರಿಗಾಲಲ್ಲೇ ನಡೆಯತೊಡಗಿದರು. ಒಳ್ಳೆಯ ಪ್ರಬೋಧಕರೆಂದೂ ಪಾಪನಿವೇದನೆ ಕೇಳುವುದರಲ್ಲಿ ತಾಳ್ಮೆಯುಳ್ಳವರೆಂದೂ ಬೇಗನೆ ಹೆಸರಾಯಿತು. 1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದು ಸಹಿ ಹಾಕಿದರು. ತಾನು ಮಾತೆ ಮರಿಯಮ್ಮನವರ ಜೀವನಪರ್ಯಂತದ ದಾಸನೆಂದು ಒಪ್ಪಿಕೊಂಡ ದಾಸ್ಯಪತ್ರವದು. ಗೋವಾದ ಮನೆಗಳಲ್ಲಿ ಆಳುಗಳನ್ನು ಕೊಂಡು ಇಟ್ಟುಕೊಳ್ಳುತ್ತಿದ್ದ ಕಾಲ. ದಾಸ ಎಂಬ ಮಾತಿನ ಅರ್ಥ ಆ ಕಾಲದವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ದಾಸನಿಗೆ ತನ್ನದೆಂಬ ಇಚ್ಛೆಯಿಲ್ಲ, ಕಳುಹಿಸಿದಲ್ಲಿಗೆ ಹೋಗಬೇಕು.

ಕಳುಹಿಸುವ ದಿನ ಬಹಳ ದೂರವಿರಲಿಲ್ಲ. ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಕಥೋಲಿಕರ ದುಃಸ್ಥಿತಿಯ ಸುದ್ದಿ ಗೋವಾಕ್ಕೆ ಬರುತ್ತಿತ್ತು. 1658ರಲ್ಲಿ ಡಚ್ಚರು ಜಾಫ್ನಾವನ್ನು ಹಿಡಿದುಕೊಂಡ ಮೇಲೆ ಗುರುಗಳನ್ನು ಹೊರಗಟ್ಟಿದ್ದರು. ಬಲಿಪೂಜೆಯಿಲ್ಲ, ಸಂಸ್ಕಾರಗಳಿಲ್ಲ. ಅಲ್ಲಿಗೆ ಹೋಗಬೇಕೆಂದು ಯುವ ಗುರು ವಾಜ್ ತಮ್ಮನ್ನೇ ಒಪ್ಪಿಸಿಕೊಂಡರು. ಆಗ ಗೋವಾದ ಮಹಾಧರ್ಮಾಧ್ಯಕ್ಷರ ಪೀಠ ಖಾಲಿಯಿದ್ದು ಕಥೆಡ್ರಲಿನ ಗುರುಮಂಡಳಿ ಆಡಳಿತ ನಡೆಸುತ್ತಿತ್ತು. ಮಂಡಳಿಯವರು ಅವರ ಉತ್ಸಾಹವನ್ನು ಮೆಚ್ಚಿದರು, ಆದರೆ ಸಿಲೋನಿಗೆ ಕಳುಹಿಸಲಿಲ್ಲ. 1681ರಲ್ಲಿ ಕೆನರಾಕ್ಕೆ ವಿಕಾರ್ ಫೋರೇನ್ ಆಗಿ ಹೋಗುವಂತೆ ಹೇಳಿದರು.

ವರ್ಗಾವಣೆಯ ಪತ್ರ ಕೈಗೆ ಬಂದಾಗ ನಮ್ಮಂಥ ಗುರುಗಳಿಗೆ ಆಗುವುದೇನೆಂದು ನನಗೆ ಗೊತ್ತು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ನಾನಂತೂ ಒಮ್ಮೆ ಅಂಥ ಪತ್ರ ಹಿಡಿದುಕೊಂಡು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ವಾಜ್ ದಕ್ಷಿಣದ ದಾರಿ ಹಿಡಿದು ಹೊರಟರು.

ಇಲ್ಲಿ ಆ ಕಾಲದ ಕೆನರಾ ಹೇಗಿತ್ತೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೂರ್ವದೇಶಗಳಲ್ಲಿ ಧರ್ಮಸಭೆಯನ್ನು ಪೋಷಿಸುವ ಹೊಣೆಯನ್ನೂ, ಧರ್ಮಾಧ್ಯಕ್ಷರ ಹೆಸರನ್ನು ಸೂಚಿಸುವ ಹಕ್ಕನ್ನೂ ಪೋಪರು ಹಿಂದೆ ಪೋರ್ಚುಗಲಿನ ಅರಸರಿಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಆದರೆ 17ನೇ ಶತಮಾನದ ಹೊತ್ತಿಗೆ ಪೋರ್ಚುಗೀಸರ ಬಲ ಕುಗ್ಗಿತು. ನಮ್ಮ ಕರಾವಳಿಯಲ್ಲಿ ಕೆಳದಿಯ ಶಿವಪ್ಪ ನಾಯಕ ಅವರ ಕೋಟೆಗಳನ್ನು ವಶಪಡಿಸಿಕೊಂಡ. ಕೊಚ್ಚಿ 1663ರಲ್ಲಿ ಡಚ್ಚರ ಪಾಲಾಯಿತು. ಗುರುಗಳಿಲ್ಲದೆ ಎಷ್ಟೋ ಊರುಗಳು ಬರಿದಾದವು. ರೋಮಿನಲ್ಲಿ 1622ರಲ್ಲಿ ಸ್ಥಾಪನೆಯಾಗಿದ್ದ ಪ್ರೊಪಗಾಂಡಾ ಫೀದೆ ಎಂಬ ಸಂಸ್ಥೆ ಇಂಥ ಪ್ರದೇಶಗಳಿಗೆ ಪೋಪರ ಹೆಸರಿನಲ್ಲಿ ನೇರವಾಗಿ ಅಪೊಸ್ತಲಿಕ್ ವಿಕಾರ್‌ಗಳನ್ನು ನೇಮಿಸತೊಡಗಿತು. ಕೆನರಾ ಮತ್ತು ಮಲಬಾರಿಗೆ ಹಾಗೆ ನೇಮಕಗೊಂಡವರು ಧರ್ಮಾಧ್ಯಕ್ಷ ಥೋಮಸ್ ಡಿ ಕ್ಯಾಸ್ಟ್ರೊ. ಅವರೂ ಗೋವಾದವರೇ, ದಿವಾಡಿಯವರು, ಥಿಯಟಿನ್ ಸಭೆಗೆ ಸೇರಿದವರು. ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು ಕಟ್ಟಿಸಿದವರು ಇವರೇ.

ಗೋವಾದವರು ಈ ನೇಮಕವನ್ನು ಒಪ್ಪಲಿಲ್ಲ. ಪೋರ್ಚುಗಲಿನ ಹಕ್ಕಿಗೆ ಧಕ್ಕೆಯಾಯಿತೆಂದು ಅವರ ವಾದ. ಧರ್ಮಾಧ್ಯಕ್ಷರ ಕಡೆಯವರಿಗೆ ಪೋಪರ ಆಜ್ಞೆಗಿಂತ ದೊಡ್ಡದಿಲ್ಲ. ಒಂದೇ ದೇಶದ, ಒಂದೇ ಭಾಷೆಯ ಗುರುಗಳು ಎರಡು ಪಂಗಡವಾದರು, ಅವರ ಹಿಂದೆ ಜನರೂ ಎರಡಾದರು. ಇದನ್ನು ಗುರುಗಳ ಜಗಳವೆಂದು ತಳ್ಳಿಹಾಕುವ ಹಾಗಿಲ್ಲ. ಪಾಪನಿವೇದನೆ ಕೇಳುವ ಗುರುವಿಗೆ ಅಧಿಕಾರ ಇರಬೇಕು, ಮದುವೆಯನ್ನು ನಡೆಸುವ ಗುರುವಿಗೂ ಇರಬೇಕು. ಹಾಗಾದರೆ ಯಾರ ಕಡೆಯ ಗುರುವಿನಿಂದ ಪಡೆದ ಪಾಪಕ್ಷಮೆ ನಿಜವಾದದ್ದು? ಯಾರ ಮುಂದೆ ಆದ ಮದುವೆ ಮದುವೆಯಾಯಿತು? ಗಂಗೊಳ್ಳಿಯ ಬೆಸ್ತನಿಗೋ ಕಲ್ಯಾಣಪುರದ ಒಕ್ಕಲಿಗೋ ಲತೀನಿನ ಪತ್ರಗಳು ಏನು ಗೊತ್ತು? ತಮ್ಮ ಆತ್ಮದ ವಿಷಯದಲ್ಲೇ ಅವರಿಗೆ ಸಂಶಯ ಹುಟ್ಟಿತ್ತು.

ಇಂಥ ಸ್ಥಿತಿಯಲ್ಲಿ ಗೋವಾದ ಪತ್ರ ಹಿಡಿದುಕೊಂಡು ಬಂದವರು ವಾಜ್. ಅಂದರೆ ಒಂದು ಪಕ್ಷದವರಾಗಿಯೇ ಬಂದರು. ಸುಲಭದ ದಾರಿ ಎದುರಿಗೇ ಇತ್ತು. ಕಳುಹಿಸಿದವರು ಹೇಳಿದ್ದಾರೆ, ನಾನು ಪಾಲಿಸುತ್ತೇನೆ ಎಂದು ಸುಮ್ಮನಿರಬಹುದಿತ್ತು. ಅದನ್ನೂ ವಿಧೇಯತೆ ಎಂದೇ ಕರೆಯುತ್ತಿದ್ದರು. ಇನ್ನೊಂದು ದಾರಿಯೂ ಇತ್ತು: ಕಳುಹಿಸಿದವರದ್ದು ತಪ್ಪೆಂದು ಕಂಡ ಕೂಡಲೇ ಅವರನ್ನು ಬಿಟ್ಟು ಆ ಕಡೆ ಸೇರಿ, ಗೋವಾದವರನ್ನು ದೂರುತ್ತಾ ತಿರುಗುವುದು. ವಾಜ್ ಎರಡನ್ನೂ ಮಾಡಲಿಲ್ಲ. ಧರ್ಮಾಧ್ಯಕ್ಷರನ್ನು ತಾವೇ ಹೋಗಿ ಕಂಡರು. ಅವರ ನೇಮಕದ ಪತ್ರವನ್ನು ತೋರಿಸುವಂತೆ ವಿನಯದಿಂದ ಕೇಳಿದರು. ಓದಿ ನೋಡಿ, ಅದು ಪೋಪರಿಂದ ಬಂದ ನಿಜವಾದ ಪತ್ರವೆಂದು ಮನವರಿಕೆಯಾದ ಮೇಲೆ ಹಾಗೆಯೇ ಒಪ್ಪಿಕೊಂಡರು.

ಈ ಒಂದು ಕೆಲಸದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಅವರಿಗಾಗ 30 ವರ್ಷ. ತನ್ನ ಮೇಲಧಿಕಾರಿಗಳು ನಂಬದ ಕಾಗದವನ್ನು ಕೇಳಿ ಓದುವುದು ಅವಿಧೇಯತೆಯಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಕಣ್ಣು ಮುಚ್ಚಿಕೊಂಡು ಒಪ್ಪುವವನು ಎಷ್ಟೋ ಸಲ ತನ್ನ ಪಕ್ಷಕ್ಕೆ ವಿಧೇಯನಾಗಿರುತ್ತಾನೆ, ದೇವರಿಗಲ್ಲ. ಅಧಿಕಾರ ನಿಜವಾಗಿ ಎಲ್ಲಿಂದ ಬಂತೆಂದು ವಾಜ್ ವಿಚಾರಿಸಿದರು. ಉತ್ತರ ತಮ್ಮವರಿಗೆ ವಿರುದ್ಧವಾಗಿ ಬಂದಾಗ ಅದನ್ನು ಮುಚ್ಚಿಡಲಿಲ್ಲ. ಹಾಗೆಂದು ತಮ್ಮನ್ನು ಕಳುಹಿಸಿದವರನ್ನು ಹಳಿಯಲೂ ಇಲ್ಲ. ರೋಮಿನಿಂದ ಸ್ಪಷ್ಟ ತೀರ್ಮಾನ ಬರುವ ತನಕ ಜನರಿಗೆ ಸಂಸ್ಕಾರಗಳ ವಿಷಯದಲ್ಲಿ ಗೊಂದಲವಾಗದ ಹಾಗೆ ಧರ್ಮಾಧ್ಯಕ್ಷರೊಡನೆ ಒಂದು ಹೊಂದಾಣಿಕೆಗೆ ಬಂದು ಕೆಲಸಕ್ಕೆ ತೊಡಗಿದರು.

ಜಗಳ ಅಲ್ಲಿಗೆ ಮುಗಿಯಿತೆಂದು ಬರೆಯಲು ಇಷ್ಟವಾಗುತ್ತಿತ್ತು. ಮುಗಿಯಲಿಲ್ಲ. ವಾಜ್ ಇದ್ದಷ್ಟು ಕಾಲವೂ ಎರಡೂ ಕಡೆಯ ಎಳೆದಾಟದ ನಡುವೆಯೇ ಅವರು ಇರಬೇಕಾಯಿತು. ಧರ್ಮಾಧ್ಯಕ್ಷ ಡಿ ಕ್ಯಾಸ್ಟ್ರೊ 1684ರ ಜುಲೈಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಪದ್ರುವಾದೊ ಮತ್ತು ಪ್ರೊಪಗಾಂಡಾದ ತಕರಾರು ನಮ್ಮ ಭಾಗದಲ್ಲಿ ಇನ್ನೂ 2 ಶತಮಾನ ಎಳೆದು, 1886ರ ಒಪ್ಪಂದದೊಂದಿಗೆ ಇತ್ಯರ್ಥಕ್ಕೆ ಬಂತು. ಸಂತರ ವಿಧೇಯತೆಗೆ ಫಲ ಕೂಡಲೇ ಸಿಗುತ್ತದೆಂದು ಪ್ರಬೋಧನೆಗಳಲ್ಲಿ ನಾವು ಹೇಳುವುದುಂಟು. ಇಲ್ಲಿ ಸಿಗಲಿಲ್ಲ.

ಆ 3 ವರ್ಷಗಳಲ್ಲಿ ಅವರು ಬರಿಗಾಲಲ್ಲಿ ಕರಾವಳಿಯುದ್ದಕ್ಕೂ ನಡೆದರು. ಮಂಗಳೂರು, ಕಲ್ಯಾಣಪುರ, ಬಸರೂರು, ಗಂಗೊಳ್ಳಿ ಹೀಗೆ ಊರೂರು ಸುತ್ತಿ ಚರ್ಚುಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು, ಭಕ್ತಿಸಂಘಗಳನ್ನು ಆರಂಭಿಸಿದರು. ಇವುಗಳಲ್ಲಿ ಉತ್ತರದ ಊರುಗಳು 2012ರಿಂದ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಹಾಗಾಗಿ ಸಂತ ವಾಜ್ ಅವರನ್ನು ತಮ್ಮವರೆಂದು ಹೇಳಿಕೊಳ್ಳುವ ಹಕ್ಕು ಎರಡೂ ಧರ್ಮಪ್ರಾಂತ್ಯಗಳಿಗಿದೆ. ಈ ವಿಷಯದಲ್ಲಾದರೂ ಜಗಳ ಬೇಡ!

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಅಲ್ಲಿ ಕೆಲವು ಭಾರತೀಯ ಗುರುಗಳು ಪವಾಡಗಳ ಪವಿತ್ರ ಶಿಲುಬೆಯ ಚರ್ಚಿನಲ್ಲಿ ಒಟ್ಟಾಗಿ ಬಾಳುತ್ತಿದ್ದರು. 1685ರಲ್ಲಿ ವಾಜ್ ಅವರನ್ನು ಸೇರಿಕೊಂಡರು. ಅವರನ್ನೇ ಹಿರಿಯರನ್ನಾಗಿ ಆರಿಸಲಾಯಿತು, ಸಂತ ಫಿಲಿಪ್ ನೇರಿಯವರ ಒರೆಟರಿಯ ಮಾದರಿಯಲ್ಲಿ ಆ ಕೂಟ ರೂಪುಗೊಂಡಿತು. ಸಿಲೋನಿನ ಆಸೆ ಇನ್ನೂ ಆರಿರಲಿಲ್ಲ. ಆದರೂ ಹೇಳದೆ ಹೊರಡಲಿಲ್ಲ. ಅನುಮತಿ ಕೇಳಿ, ಹಿರಿಯನ ಸ್ಥಾನವನ್ನು ಬಿಟ್ಟುಕೊಟ್ಟು 1686ರಲ್ಲಿ ಹೊರಟರು. ಮೊದಲು ಕೇಳಿದ್ದ ಊರು ಹಲವು ವರ್ಷ ತಡವಾಗಿ ಸಿಕ್ಕಿತು.

1687ರಲ್ಲಿ ಜೋನ್ ಎಂಬ ಸೇವಕನೊಂದಿಗೆ ಕೂಲಿಯವನ ವೇಷದಲ್ಲಿ ಜಾಫ್ನಾಕ್ಕೆ ಇಳಿದರು. ಇಳಿಯುತ್ತಲೇ ಕಾಯಿಲೆ. ಆಮೇಲೆ ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗಿ, ಯಾರ ಕಣ್ಣು ಆ ಜಪಸರದ ಮೇಲೆ ನಿಲ್ಲುತ್ತದೆಂದು ನೋಡಿ ಕಥೋಲಿಕರನ್ನು ಗುರುತಿಸಿದರು. ಗುರುಗಳು ಕಾಲಿಡಬಾರದೆಂಬ ಡಚ್ಚರ ಕಾನೂನನ್ನು ಅವರು ಬೇಕೆಂದೇ ಮೀರಿದರು. ಕೆನರಾದಲ್ಲಿ ಅಧಿಕಾರದ ಪತ್ರ ಹುಡುಕಿ ಓದಿ ತಲೆಬಾಗಿದವರೇ ಇಲ್ಲಿ ಸರಕಾರದ ಆಜ್ಞೆಗೆ ಬಾಗಲಿಲ್ಲ. ಎರಡರ ಹಿಂದಿದ್ದ ಮನಸ್ಸು ಒಂದೇ. ಆಲೋಚನಾ ಸಭೆಯ ಮುಂದೆ ಪೇತ್ರನೂ ಜೊತೆಯ ಪ್ರೇಷಿತರೂ ನಿಂತದ್ದು ಇದೇ ನೆಲದ ಮೇಲೆ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಬೇಹುಗಾರನೆಂಬ ಸಂಶಯದಿಂದ ರಾಜ 2ನೇ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟ. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಕ್ರಮೇಣ ರಾಜನ ವಿಶ್ವಾಸ ಗಳಿಸಿದರು. 1697ರಲ್ಲಿ ಸಿಡುಬು ಹರಡಿ ದೊಡ್ಡವರೆಲ್ಲ ನಗರ ಬಿಟ್ಟು ಓಡಿದಾಗ ಅವರು ರೋಗಿಗಳ ಬಳಿಯೇ ಉಳಿದರು. ಮತಭೇದ ನೋಡದೆ ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. ಗೋವಾದಿಂದ ಒರೆಟರಿಯ ಬೇರೆ ಗುರುಗಳೂ ಬಂದು ಸೇರಿದ್ದರಿಂದ ಕೆಲಸ ಬೆಳೆಯಿತು.

ಇನ್ನೊಂದು ಘಟನೆಯನ್ನು ಹೇಳದೆ ಬಿಡಲಾಗದು. 1696ರಿಂದ ಅವರು ಕೊಚ್ಚಿಯ ಧರ್ಮಾಧ್ಯಕ್ಷರ ಕೆಳಗೆ ಸಿಲೋನಿನ ವಿಕಾರ್ ಜನರಲ್ ಆಗಿದ್ದರು. 1703ರಲ್ಲಿ ಪೋಪರ ಪ್ರತಿನಿಧಿ ಡಿ ಟೂರ್ನೊನ್ ಪುದುಚೇರಿಗೆ ಬಂದಿಳಿದರು. ವಾಜ್ ಅವರ ಕೆಲಸದ ಬಗ್ಗೆ ತಿಳಿದು, ಅವರನ್ನು ಸಿಲೋನಿಗೆ ಧರ್ಮಾಧ್ಯಕ್ಷರನ್ನಾಗಿ ಮಾಡುವ ಯೋಚನೆಯನ್ನು ಮುಂದಿಟ್ಟರು. ವಾಜ್ ಒಪ್ಪಲಿಲ್ಲ, ಕೊಚ್ಚಿಯ ಕೆಳಗೆ ಇದ್ದ ಹಾಗೆಯೇ ಇರುವೆನೆಂದರು. ಪೋಪರ ಪ್ರತಿನಿಧಿಗೇ ಬೇಡವೆಂದದ್ದು ವಿಧೇಯತೆಯೇ? ಬಂದದ್ದು ಆಜ್ಞೆಯಾಗಿರಲಿಲ್ಲ, ಗೌರವದ ಪ್ರಸ್ತಾಪವಾಗಿತ್ತು. ಅವರು ಒಪ್ಪಿದ್ದರೆ ಪದ್ರುವಾದೊದ ಒಬ್ಬ ಧರ್ಮಾಧ್ಯಕ್ಷರಿದ್ದ ಜಾಗಕ್ಕೆ ರೋಮಿನ ಇನ್ನೊಬ್ಬರು ಬಂದಂತಾಗುತ್ತಿತ್ತು, ಕೆನರಾದಲ್ಲಿ ನಡೆದದ್ದೇ ಮತ್ತೆ ನಡೆಯುತ್ತಿತ್ತು. ಮಂಗಳೂರಿನ ಆ ಮನೆಗಳನ್ನು ಅವರು ಮರೆತಿರಲಿಲ್ಲವೆಂದು ನನ್ನ ಊಹೆ. ಸಾಮಾನ್ಯವಾಗಿ ಇದನ್ನು ದೀನತೆಗೆ ಉದಾಹರಣೆಯಾಗಿ ಹೇಳುತ್ತಾರೆ. ದೀನತೆ ಖಂಡಿತ ಇತ್ತು, ಆದರೆ ಹಳೆಯ ಗಾಯದಿಂದ ಬಂದ ತಿಳುವಳಿಕೆಯೂ ಇದ್ದಿರಬೇಕು.

1711ರ ಜನವರಿ 16ರಂದು ತಮ್ಮ 59ನೇ ವಯಸ್ಸಿನಲ್ಲಿ ಅವರು ಕ್ಯಾಂಡಿಯಲ್ಲಿ ಕಣ್ಣುಮುಚ್ಚಿದರು. ಅಷ್ಟರಲ್ಲಿ ಆ ದ್ವೀಪದಲ್ಲಿ ಸುಮಾರು 70,000 ಕಥೋಲಿಕರು, 15 ಚರ್ಚುಗಳು, 400ರಷ್ಟು ಪ್ರಾರ್ಥನಾಲಯಗಳಿದ್ದವೆಂದು ಲೆಕ್ಕ ಹೇಳುತ್ತಾರೆ. ಬಂದಾಗ ಅಲ್ಲಿ ಬಹಿರಂಗವಾಗಿ ತಿರುಗಾಡುವ ಒಬ್ಬ ಗುರುವೂ ಇರಲಿಲ್ಲ. 1995ರ ಜನವರಿ 21ರಂದು ಕೊಲಂಬೊದಲ್ಲಿ ಪೋಪ್ 2ನೇ ಜಾನ್ ಪೌಲ್ ಅವರು ವಾಜ್ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರ ಪದವಿಗೆ ಏರಿಸಿದರು.

ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಮುಂದೆ ನಾವು ದಿನವೂ ಓಡಾಡುತ್ತೇವೆ. ಈಗಿನ ಕಟ್ಟಡ ಬೇರೆ, ಜಾಗ ಅದೇ. ಅದನ್ನು ಕಟ್ಟಿಸಿದ ಧರ್ಮಾಧ್ಯಕ್ಷರ ಹೆಸರು ಇಂದು ಬಹಳ ಜನರಿಗೆ ಗೊತ್ತಿಲ್ಲ. ಅವರ ಎದುರು ಪಕ್ಷದಿಂದ ಬಂದು, ಅವರ ಪತ್ರವನ್ನು ಕೇಳಿ ಓದಿ ತಲೆಬಾಗಿದ ಯುವ ಗುರುವಿನ ಚಿತ್ರ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ.