ಕೂರುವ ಬೋಲ್ಟು, ಸರಿಯಾದ ಬೋಲ್ಟು: ಜೋಸೆಫ್ ವಿಟ್‌ವರ್ತ್ ಕಥೆ

ಮೆಕ್ಯಾನಿಕಲ್ ಬ್ರಾಂಚಿನ ನಮಗೆಲ್ಲ ವಿಟ್‌ವರ್ತ್ ಅಂದ್ರೆ ಒಂದು ಚಿತ್ರ, ಅಷ್ಟೇ. ಕ್ವಿಕ್ ರಿಟರ್ನ್ ಮೆಕ್ಯಾನಿಸಂ ವಿವರಿಸಿ ಅಂತ ಪ್ರಶ್ನೆ ಬರುತ್ತೆ. ಒಂದು ವೃತ್ತ, ಒಂದು ಕ್ರ್ಯಾಂಕು, ಒಂದು ಸ್ಲೈಡರ್ ಬರೆದು, ಪಕ್ಕದಲ್ಲಿ ಅನುಪಾತದ ಸೂತ್ರ ಹಾಕಿ ಮುಂದಿನ ಪ್ರಶ್ನೆಗೆ ಹೋಗ್ತೀವಿ. ಕಂಪ್ಯೂಟರ್ ಸೈನ್ಸಿನ ಗೆಳೆಯರಿಗೆ ಆ ಚಿತ್ರದ ಕಾಟವೂ ಇಲ್ಲ. ಆದರೆ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳನ್ನು ಬಿಚ್ಚಿ, ರಿಪೇರಿ ಮಾಡಿ, ಮೊದಲಿನ ಹಾಗೆ ನಿಲ್ಲಿಸುವ ಹುಚ್ಚು ಇರೋರಿಗೆ ಈ ಹೆಸರು ದಿನಾ ಬೇಕು. ಅವರಲ್ಲಿ ಕೆಲವರು ಅದನ್ನು ಭಕ್ತಿಯಿಂದ ಹೇಳ್ತಾರೆ, ಕೆಲವರು ಗೊಣಗಿಕೊಂಡು ಹೇಳ್ತಾರೆ.

ಯಾಕೆ ಅಂತ ತಿಳಿಯೋಕೆ ಒಂದು ಕಾರನ್ನು ನೋಡೋಣ. ಎಂಜಿ ಟಿಸಿ. ಎರಡನೇ ಮಹಾಯುದ್ಧ ಮುಗಿದ 1945ರಿಂದ 1949ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ ಸುಮಾರು 10,000 ತಯಾರಾದವು. ಎರಡೇ ಸೀಟು, ಕಡ್ಡಿ ಚಕ್ರ, 1250 ಸಿಸಿ ಎಂಜಿನ್. ಇಂಥ ಕಾರಿನ ಒಂದು ಬೋಲ್ಟು ತುಕ್ಕು ಹಿಡಿದು ಮುರಿಯಿತು ಅಂದ್ಕೊಳ್ಳಿ. ಅಂಗಡಿಗೆ ಹೋಗಿ ಅದೇ ದಪ್ಪದ್ದು ಒಂದು ಕೊಡಿ ಅಂದ್ರೆ ಸಾಕಾ? ಸಾಲದು. ದಪ್ಪ ಒಂದೇ ಇದ್ದರೂ ಒಂದು ಇಂಚಿಗೆ ಎಷ್ಟು ಥ್ರೆಡ್ ಇದೆ, ಥ್ರೆಡ್ಡಿನ ಕೋನ ಎಷ್ಟು, ತಲೆಗೆ ಯಾವ ಸ್ಪ್ಯಾನರ್ ಬೀಳುತ್ತೆ, ಉಕ್ಕು ಎಷ್ಟು ಗಟ್ಟಿ ಅನ್ನೋದೆಲ್ಲ ಹೊಂದಬೇಕು. ಈ ಪ್ರಶ್ನೆಗಳಲ್ಲಿ ಅರ್ಧಕ್ಕೆ ಮೊದಲ ಸಲ ಇಡೀ ದೇಶ ಒಪ್ಪುವ ಉತ್ತರ ಕೊಟ್ಟವನೇ ಜೋಸೆಫ್ ವಿಟ್‌ವರ್ತ್. ಮೋಟಾರು ಕಾರು ಹುಟ್ಟೋಕೆ ಎಷ್ಟೋ ವರ್ಷ ಮೊದಲೇ.

ಆತ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿನಲ್ಲಿ. ಅಪ್ಪ ಶಾಲಾ ಮೇಷ್ಟ್ರು, ಜೊತೆಗೆ ಚರ್ಚಿನ ಬೋಧಕ. ಹದಿನಾಲ್ಕನೇ ವಯಸ್ಸಿಗೆ ಹುಡುಗನನ್ನು ಡರ್ಬಿಶೈರಿನಲ್ಲಿದ್ದ ನೆಂಟರ ಹತ್ತಿ ಗಿರಣಿಗೆ ಕಳಿಸಿದರು. ವ್ಯಾಪಾರ ಕಲಿತು ಒಂದು ದಿನ ಗಿರಣಿ ನೋಡಿಕೊಳ್ಳಲಿ ಅನ್ನೋದು ಮನೆಯವರ ಲೆಕ್ಕ. ಹುಡುಗನಿಗೆ ಹತ್ತಿ ಬೇಕಿರಲಿಲ್ಲ, ಹತ್ತಿ ನೂಲುವ ಯಂತ್ರ ಬೇಕಿತ್ತು. ಕೆಲವು ವರ್ಷ ಇದ್ದು, ಯಂತ್ರಗಳ ಒಳಗೂ ಹೊರಗೂ ತಿಳಿದುಕೊಂಡು, ಗಿರಣಿ ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಸಾಧಾರಣ ಮೆಕ್ಯಾನಿಕ್ ಆಗಿ ಸೇರಿಕೊಂಡ. ಮನೆಯವರು ಹೇಳಿದ ಕೋರ್ಸ್ ಬಿಟ್ಟು ಇಷ್ಟದ ಬ್ರಾಂಚ್ ತಗೊಂಡವರು ಆಗಲೂ ಇದ್ದರು ಅಂತಾಯ್ತು.

1825ರಲ್ಲಿ ಮದುವೆ ಆಯ್ತು, ಅದೇ ಹೊತ್ತಿಗೆ ಲಂಡನ್ನಿಗೆ ಪ್ರಯಾಣ. ಅಲ್ಲಿ ಹೆನ್ರಿ ಮಾಡ್ಸ್‌ಲೇ ಅವರ ಕಾರ್ಖಾನೆ ಅಂದ್ರೆ ಆ ಕಾಲದ ದೊಡ್ಡ ವಿಶ್ವವಿದ್ಯಾಲಯ ಇದ್ದ ಹಾಗೆ. ಒಳ್ಳೆ ಲೇತ್ ಹೇಗಿರಬೇಕು, ಒಳ್ಳೆ ತಿರುಪು ಹೇಗಿರಬೇಕು ಅಂತ ಒಂದು ತಲೆಮಾರಿಗೆ ಕಲಿಸಿದ ಜಾಗ ಅದು. ಆಮೇಲೆ ವಿಟ್‌ವರ್ತ್ ಜೋಸೆಫ್ ಕ್ಲೆಮೆಂಟ್ ಅವರ ವರ್ಕ್‌ಶಾಪಿನಲ್ಲೂ ಕೆಲಸ ಮಾಡಿದ. ಚಾರ್ಲ್ಸ್ ಬ್ಯಾಬೇಜ್ ತನ್ನ ಡಿಫರೆನ್ಸ್ ಎಂಜಿನ್ನಿನ ಭಾಗಗಳನ್ನು ಮಾಡಿಸುತ್ತಿದ್ದದ್ದು ಇದೇ ಕ್ಲೆಮೆಂಟ್ ಹತ್ತಿರ. ಹಾಗಾಗಿ ಕಂಪ್ಯೂಟರ್ ಸೈನ್ಸಿನವರೂ ಈ ಕಥೆಯಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ.

1833ರಲ್ಲಿ ಮ್ಯಾಂಚೆಸ್ಟರಿಗೆ ವಾಪಸ್ ಬಂದು ಬಾಡಿಗೆ ಜಾಗದಲ್ಲಿ ಸ್ವಂತ ಕೆಲಸ ಶುರು ಮಾಡಿದ. ಆತನ ಮೊದಲ ಹಟ ಸಮತಟ್ಟಾದ ಲೋಹದ ತಟ್ಟೆ. ಕೇಳೋಕೆ ಸಣ್ಣ ವಿಷಯ. ಆದರೆ ಆಗ ಎರಡು ತಟ್ಟೆಗಳ ನಡುವೆ ಪುಡಿ ಹಾಕಿ ಉಜ್ಜಿ ಸಮ ಮಾಡುವುದು ರೂಢಿ. ಇದರಲ್ಲಿ ಒಂದು ಮೋಸ ಇದೆ. ಒಂದು ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದರೂ ಎರಡೂ ಚೆನ್ನಾಗಿಯೇ ಕೂರುತ್ತವೆ. ಕೂತಿದೆ ಅನ್ನೋ ಕಾರಣಕ್ಕೆ ಸರಿಯಾಗಿದೆ ಅನ್ನೋಕಾಗಲ್ಲ. ವಿಟ್‌ವರ್ತ್ ಮೂರು ತಟ್ಟೆ ತಗೊಂಡ. ಬಣ್ಣ ಸವರಿ ಒಂದರ ಮೇಲೊಂದು ಇಟ್ಟು, ಬಣ್ಣ ಹತ್ತಿದ ಉಬ್ಬುಗಳನ್ನು ಮಾತ್ರ ಸ್ಕ್ರೇಪರಿನಿಂದ ಕೆರೆದು ತೆಗೆದ. ಮೂರೂ ತಟ್ಟೆ ಒಂದಕ್ಕೊಂದು ಅದಲು ಬದಲು ಮಾಡಿದರೂ ಪೂರ್ತಿ ಕೂತರೆ ಮಾತ್ರ ಮೂರೂ ಸಮತಟ್ಟು. 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಈ ವಿಧಾನವನ್ನು ವಿವರಿಸಿದ.

ಮಾರನೇ ವರ್ಷ, 1841ರಲ್ಲಿ, ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ತಿರುಪುಗಳ ಬಗ್ಗೆ ಪ್ರಬಂಧ ಮಂಡಿಸಿದ. ಆಗ ಪ್ರತಿ ವರ್ಕ್‌ಶಾಪಿಗೂ ಅದರದೇ ಥ್ರೆಡ್. ಒಂದು ಕಾರ್ಖಾನೆಯ ಬೋಲ್ಟಿಗೆ ಪಕ್ಕದ ಕಾರ್ಖಾನೆಯ ನಟ್ಟು ಬೀಳ್ತಿರಲಿಲ್ಲ. ಬಿಚ್ಚಿದ ಯಂತ್ರದ ನಟ್ಟು ಬೋಲ್ಟುಗಳನ್ನು ಜೋಡಿ ಜೋಡಿಯಾಗಿ ಇಟ್ಟುಕೊಳ್ಳದಿದ್ದರೆ ಮತ್ತೆ ಜೋಡಿಸೋದೇ ಕಷ್ಟ. ವಿಟ್‌ವರ್ತ್ ಇಲ್ಲಿ ಮಾಡಿದ ಕೆಲಸ ನಮಗೆ ತುಂಬಾ ಇಷ್ಟವಾದದ್ದು. ತನ್ನ ಬುದ್ಧಿವಂತಿಕೆ ತೋರಿಸೋಕೆ ಹೊಸ ಥ್ರೆಡ್ ಕಂಡುಹಿಡಿಯಲಿಲ್ಲ. ದೇಶದ ಮುಖ್ಯ ವರ್ಕ್‌ಶಾಪುಗಳಿಂದ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದ. ಕೋನದ ಸರಾಸರಿ ಸುಮಾರು 55 ಡಿಗ್ರಿ ಬಂತು, ಅದನ್ನೇ ಇಟ್ಟುಕೊಂಡ. ಥ್ರೆಡ್ಡಿನ ತುದಿಯಲ್ಲೂ ಬುಡದಲ್ಲೂ ಆರನೇ ಒಂದು ಭಾಗ ದುಂಡಗೆ ಮಾಡಿದ. ಪ್ರತಿ ದಪ್ಪಕ್ಕೆ ಇಂಚಿಗೆ ಇಷ್ಟೇ ಥ್ರೆಡ್ ಅಂತ ಪಟ್ಟಿ ಕೊಟ್ಟ. ಕಾಲು ಇಂಚಿಗೆ 20, ಅರ್ಧ ಇಂಚಿಗೆ 12. ಯಾರದ್ದೂ ಪೂರ್ತಿ ಅಲ್ಲದ, ಆದರೆ ಎಲ್ಲರಿಗೂ ಹತ್ತಿರವಾದ ಅಳತೆ ಆದ್ದರಿಂದ ಜಗಳ ಕಡಿಮೆಯಾಯ್ತು. ರೈಲ್ವೆ ಕಂಪನಿಗಳು ಒಪ್ಪಿಕೊಂಡವು. ಇಪ್ಪತ್ತು ವರ್ಷದೊಳಗೆ ಬ್ರಿಟನ್ನಿನಲ್ಲಿ ಹೆಚ್ಚೂ ಕಡಿಮೆ ಎಲ್ಲ ಕಡೆ ಅದೇ ಬಳಕೆ.

ಇದರ ಬೆಲೆ ಗೊತ್ತಾಗಿದ್ದು ಕ್ರಿಮಿಯಾ ಯುದ್ಧದಲ್ಲಿ. ನೌಕಾಪಡೆಗೆ ಅರ್ಜೆಂಟಾಗಿ ಸಣ್ಣ ಯುದ್ಧದೋಣಿಗಳು ಬೇಕಾದವು, ಅವಕ್ಕೆ ಸುಮಾರು 90 ಎಂಜಿನ್. ಗ್ರೀನಿಚ್‌ನ ಜಾನ್ ಪೆನ್ ಮಾದರಿ ಭಾಗಗಳನ್ನು ಬೇರೆ ಬೇರೆ ಕಾರ್ಖಾನೆಗಳಿಗೆ ಹಂಚಿ ಮಾಡಿಸಿದ. ಎಲ್ಲಿಂದಲೋ ಬಂದ ಭಾಗಗಳು ಒಂದೇ ಕಡೆ ಜೋಡಿಸಿಕೊಂಡವು. ಎಲ್ಲರೂ ಒಂದೇ ಥ್ರೆಡ್ ಕಡೆಯುತ್ತಿದ್ದರಿಂದಲೇ ಇದು ಸಾಧ್ಯವಾಯ್ತು.

ಅಷ್ಟರಲ್ಲಿ ವಿಟ್‌ವರ್ತ್ ದೊಡ್ಡ ಹೆಸರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಚಿನ ಹತ್ತು ಲಕ್ಷದ ಒಂದು ಭಾಗ ಅಳೆಯುವ ಯಂತ್ರ ಇಟ್ಟಿದ್ದ. 1853ರಲ್ಲಿ ಸರ್ಕಾರದ ಪರವಾಗಿ ಅಮೆರಿಕಕ್ಕೆ ಹೋಗಿ, ಅಲ್ಲಿ ಬಂದೂಕಿನ ಹಿಡಿಗಳನ್ನು ಯಂತ್ರದಲ್ಲೇ ತಯಾರಿಸೋದನ್ನು ನೋಡಿ ವರದಿ ಬರೆದ. ಆಮೇಲೆ ತಾನೇ ಬಂದೂಕಿಗೆ ಕೈ ಹಾಕಿದ. ಇಲ್ಲೊಂದು ವಿಚಿತ್ರ ಇದೆ. ಇಡೀ ದೇಶದ ಬೋಲ್ಟುಗಳನ್ನು ಒಂದೇ ಮಾಡಿದ ಮನುಷ್ಯ ಮಾಡಿದ ರೈಫಲ್ಲಿನ ನಳಿಕೆಯ ಒಳಭಾಗ ಆರು ಮೂಲೆಯದು, ಅದರ ಗುಂಡೂ ಆರು ಮೂಲೆಯದು. ಗುರಿ ಅದ್ಭುತ. 1860ರಲ್ಲಿ ವಿಂಬಲ್ಡನ್ನಿನಲ್ಲಿ ಸ್ಟ್ಯಾಂಡಿಗೆ ಕಟ್ಟಿದ ಈ ರೈಫಲ್ಲಿನಿಂದ ವಿಕ್ಟೋರಿಯಾ ರಾಣಿ 400 ಗಜ ದೂರಕ್ಕೆ ಹಾರಿಸಿದ ಗುಂಡು ನಡುಮಧ್ಯದ ಹತ್ತಿರವೇ ಬಿತ್ತು. ಆದರೆ ಸೈನ್ಯ ಬೇಡ ಅಂದಿತು. ದುಬಾರಿ, ಬೇಗ ಮಸಿ ಕಟ್ಟುತ್ತೆ, ಸೈನ್ಯದ ಆಗಿನ ರೈಫಲ್ಲಿಗಿಂತ ನಳಿಕೆಯ ಅಳತೆಯೂ ಚಿಕ್ಕದು. ವಿಟ್‌ವರ್ತ್ ಸರ್ಕಾರದ ಜೊತೆ ವರ್ಷಗಟ್ಟಲೆ ಜಗ್ಗಾಡಿದ, ಗೆಲ್ಲಲಿಲ್ಲ. ಒಂದು ವಸ್ತು ಎಷ್ಟೇ ಚೆನ್ನಾಗಿದ್ದರೂ ಸುತ್ತಲಿನ ವ್ಯವಸ್ಥೆಗೆ ಹೊಂದಬೇಕು ಅನ್ನೋ ಆತನದೇ ಪಾಠ ಆತನಿಗೇ ತಿರುಗಿ ಬಂತು ಅಂತ ನಮಗನ್ನಿಸುತ್ತೆ.

1868ರಲ್ಲಿ 1,00,000 ಪೌಂಡ್ ಇಟ್ಟು ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನ ಶುರು ಮಾಡಿದ. ಷರತ್ತು ಏನು ಗೊತ್ತಾ? ಥಿಯರಿ ಒಂದೇ ಸಾಲದು, ಕೈಕೆಲಸದಲ್ಲೂ ಪಾಸಾಗಬೇಕು. ಲ್ಯಾಬ್ ರೆಕಾರ್ಡ್ ಸೀನಿಯರ್ ಹತ್ತಿರ ತಗೊಂಡು ಕಾಪಿ ಮಾಡುವ ನಮ್ಮಂಥವರಿಗೆ ಅಲ್ಲಿ ಜಾಗ ಕಷ್ಟ. 1869ರಲ್ಲಿ ಬ್ಯಾರೊನೆಟ್ ಪದವಿ ಬಂತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ, ಆಸ್ತಿಯ ಬಹುಪಾಲು ಜನರ ಕೆಲಸಕ್ಕೆ ಹೋಯ್ತು. ಮ್ಯಾಂಚೆಸ್ಟರಿನ ವಿಟ್‌ವರ್ತ್ ಆರ್ಟ್ ಗ್ಯಾಲರಿ ಹುಟ್ಟಿದ್ದೂ ಆ ದುಡ್ಡಿನಿಂದಲೇ.

ಮನುಷ್ಯ ಹೋದ, ಥ್ರೆಡ್ ಉಳಿಯಿತು. ಆದರೆ ಅದಕ್ಕೆ ಆಗಲೇ ಒಬ್ಬ ಪ್ರತಿಸ್ಪರ್ಧಿ ಇದ್ದ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲೇ 60 ಡಿಗ್ರಿ ಕೋನದ, ತುದಿ ಚಪ್ಪಟೆಯಾದ ಥ್ರೆಡ್ ಸೂಚಿಸಿದ್ದ. ಅದನ್ನು ಕಡೆಯೋದು ಸುಲಭ ಅನ್ನೋದು ಅವನ ವಾದ. ಎರಡು ದೇಶ, ಎರಡು ಕೋನ. ಇದರ ಬಿಸಿ ಮುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿ ತಯಾರಿಸುವಾಗ, ಅಲ್ಲಿ ಬ್ರಿಟಿಷ್ ಥ್ರೆಡ್ಡಿನ ಟ್ಯಾಪುಗಳೇ ಸಿಗದೆ ಅವನ್ನೂ ತಾನೇ ಮಾಡಿಕೊಳ್ಳಬೇಕಾಯ್ತು. ಕೊನೆಗೆ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ 60 ಡಿಗ್ರಿಯ ಒಂದೇ ಥ್ರೆಡ್ಡಿಗೆ ಒಪ್ಪಿಕೊಂಡವು. 1950ರ ದಶಕದಲ್ಲಿ ಇಂಗ್ಲಿಷ್ ಕಾರುಗಳು ನಿಧಾನಕ್ಕೆ ಬದಲಾದವು. ಅದಕ್ಕೇ ಆ ಕಾಲದ ಕೆಲವು ಕಾರುಗಳಲ್ಲಿ ಹಳೆಯದು ಹೊಸದು ಎರಡೂ ಸಿಗುತ್ತೆ.

ಈಗ ಕಾರು ರಿಪೇರಿಯವರ ಗೊಣಗಾಟ ಅರ್ಥವಾಗುತ್ತೆ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಥ್ರೆಡ್, ಅಮೆರಿಕದ ಅಳತೆಯದಕ್ಕೆ 13. ತಪ್ಪು ನಟ್ಟು ಹಾಕಿದರೆ ಒಂದೆರಡು ಸುತ್ತಿಗೇ ಬಿಗಿಯುತ್ತೆ, ತಪ್ಪು ಅಂತ ತಾನೇ ಹೇಳುತ್ತೆ. ನಿಜವಾದ ಅಪಾಯ ಕಾಲು ಇಂಚಿನದು. ಎರಡಕ್ಕೂ 20. ನಟ್ಟು ಸಲೀಸಾಗಿ ಕೊನೆವರೆಗೂ ಹೋಗುತ್ತೆ. ಆದರೆ 55 ಡಿಗ್ರಿಯ ಪಕ್ಕಕ್ಕೆ 60 ಡಿಗ್ರಿ ಪೂರ್ತಿ ಒರಗೋದಿಲ್ಲ, ಭಾರವೆಲ್ಲ ಸಣ್ಣ ಗೆರೆಯಷ್ಟು ಜಾಗದ ಮೇಲೆ. ನಿಂತ ಕಾರಿನಲ್ಲಿ ಏನೂ ಗೊತ್ತಾಗಲ್ಲ. ಓಡುವ ಕಾರಿನ ಅದುರುವಿಕೆಗೆ ಸಡಿಲವಾದರೆ, ಅದು ಬ್ರೇಕಿಗೋ ಸ್ಟೀರಿಂಗಿಗೋ ಸೇರಿದ್ದಾದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಎಂಜಿ ಟಿಸಿ ಕಥೆ ಇನ್ನೂ ತಮಾಷೆ. ಅದರ ಎಂಜಿನ್ ಬಂದದ್ದು ಮಾರಿಸ್ ಕಂಪನಿಯ ಕೊವೆಂಟ್ರಿ ಕಾರ್ಖಾನೆಯಿಂದ. ಆ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದು, 1923ರಲ್ಲಿ ಮಾರಿಸ್ ಕೊಂಡುಕೊಂಡ. ಯಂತ್ರಗಳು ಮೆಟ್ರಿಕ್ ಥ್ರೆಡ್ ಕಡೆಯುವಂಥವು. ಅವನ್ನು ಎಸೆಯೋ ಬದಲು, ಬೋಲ್ಟಿನ ಮೈಗೆ ಮೆಟ್ರಿಕ್ ಥ್ರೆಡ್ ಇಟ್ಟು, ಬ್ರಿಟಿಷ್ ಮೆಕ್ಯಾನಿಕ್ಕಿನ ಸ್ಪ್ಯಾನರ್ ಹಿಡಿಯಲಿ ಅಂತ ತಲೆಗೆ ಮಾತ್ರ ವಿಟ್‌ವರ್ತ್ ಅಳತೆ ಕೊಟ್ಟರು! ತಲೆ ನೋಡಿ ವಿಟ್‌ವರ್ತ್ ಬೋಲ್ಟು ಹಾಕಿದರೆ ಬ್ಲಾಕಿನ ಥ್ರೆಡ್ ಹಾಳು. ಮೆಟ್ರಿಕ್ ಅಂತ ತಿಳಿದು ಇವತ್ತಿನ ಅಂಗಡಿಯ 8 ಮಿಲಿಮೀಟರಿನದು ತಂದರೂ ಆಗಲ್ಲ. ಅದರ ಪಿಚ್ 1.25, ಇದರದ್ದು 1. ಇನ್ನು ಚಾಸಿಯಲ್ಲಿ ವಿಟ್‌ವರ್ತಿನದೇ 55 ಡಿಗ್ರಿಯ ಸಣ್ಣ ಪಿಚ್ಚಿನ ಬ್ರಿಟಿಷ್ ಫೈನ್ ಥ್ರೆಡ್, ವೈರಿಂಗ್ ಕಡೆ ಬಿಎ ಅನ್ನೋ ಇನ್ನೊಂದು ಜಾತಿ, ಅದಕ್ಕೆ 47.5 ಡಿಗ್ರಿ.

ಸ್ಪ್ಯಾನರ್ ಕೂಡ ಹಾಗೇ. ಕಾಲು ಇಂಚು ಅಂತ ಬರೆದ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಅರ್ಧ ಇಂಚಿಗಿಂತ ಅಗಲ, ಸುಮಾರು 13.3 ಮಿಲಿಮೀಟರ್. ಯಾಕಂದ್ರೆ ಅದರ ಮೇಲಿನ ಸಂಖ್ಯೆ ಬೋಲ್ಟಿನ ಮೈಯದು, ತಲೆಯದಲ್ಲ. ನಮ್ಮ ಟೂಲ್‌ಬಾಕ್ಸಿನ 13 ಒಳಗೆ ಹೋಗಲ್ಲ, 14 ಜಾರಿ ಮೂಲೆ ಸವೆಸುತ್ತೆ. ಆದ್ದರಿಂದ ಗೊತ್ತಿರುವವರು ಕಾರನ್ನು ಬಿಚ್ಚುವಾಗಲೇ ಪ್ರತಿ ಬೋಲ್ಟನ್ನೂ ಅದು ಎಲ್ಲಿಯದು ಅಂತ ಚೀಟಿ ಹಾಕಿ ಇಡ್ತಾರೆ. ಕ್ಯಾಲಿಪರಿನಲ್ಲಿ ದಪ್ಪ ಅಳೀತಾರೆ, ಪಿಚ್ ಗೇಜಿನ ಎಲೆ ಇಟ್ಟು ಬೆಳಕಿಗೆ ಹಿಡಿದು ಕೋನ ನೋಡ್ತಾರೆ. ಆ ಕಾರ್ ತಯಾರಾದ ವರ್ಷದ ಪಾರ್ಟ್ಸ್ ಪಟ್ಟಿಗೆ ಹೋಲಿಸ್ತಾರೆ. ಹಿಂದಿನ ಮಾಲೀಕ ಯಾವುದೋ ಬೋಲ್ಟು ತುರುಕಿರಬಹುದಲ್ಲ, ಅದಕ್ಕೆ ಕಾರಿನಲ್ಲಿ ಸಿಕ್ಕಿದ್ದನ್ನೂ ಕಣ್ಣು ಮುಚ್ಚಿ ನಂಬೋದಿಲ್ಲ. ಎರಡು ತಟ್ಟೆ ಸಾಲದು, ಮೂರನೆಯದು ಬೇಕು ಅಂದ ವಿಟ್‌ವರ್ತ್ ಇದನ್ನು ನೋಡಿದ್ದರೆ ಖುಷಿ ಪಡುತ್ತಿದ್ದ.

ಇದೆಲ್ಲ ಇಂಗ್ಲೆಂಡಿನ ಕಾರಿನವರ ಪಾಡು, ನಮಗೇನು ಅಂತ ಅನ್ನಿಸಿದರೆ ಹಾಸ್ಟೆಲ್ ಬಾತ್‌ರೂಮಿನ ನಲ್ಲಿ ನೋಡಿ. ನಮ್ಮ ದೇಶದ ನೀರಿನ ಪೈಪುಗಳ ಥ್ರೆಡ್ ಇವತ್ತಿಗೂ ಬ್ರಿಟಿಷ್ ಪೈಪ್ ಥ್ರೆಡ್, ಅಂದ್ರೆ ಅದೇ 55 ಡಿಗ್ರಿ. ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಥ್ರೆಡ್. ಅಮೆರಿಕದ ಅರ್ಧ ಇಂಚಿನ ಪೈಪಿಗೂ 14, ಆದರೆ ಕೋನ 60. ಅಲ್ಲಿಂದ ತಂದ ಫಿಟ್ಟಿಂಗ್ ಇಲ್ಲಿ ಕೂತ ಹಾಗೆ ಕಂಡು ಆಮೇಲೆ ಸೋರುತ್ತೆ. ನಮ್ಮ ಮೆಟ್ರಾಲಜಿ ಲ್ಯಾಬಿನಲ್ಲಿ ಪಿಚ್ ಗೇಜ್ ಇದೆ, 55 ಅಂತ ಕೆತ್ತಿದ ಎಲೆಗಳೂ ಇವೆ. ಮುಂದಿನ ಪ್ರಾಕ್ಟಿಕಲ್ ದಿನ ರೀಡಿಂಗ್ ಬರೆದು ಓಡೋ ಮೊದಲು ಒಂದು ಹಳೇ ಬೋಲ್ಟಿನ ಮೇಲೆ ಆ ಎಲೆ ಇಟ್ಟು ಕಿಟಕಿ ಕಡೆ ಹಿಡಿದು ನೋಡಿ. ಬೆಳಕು ನುಸುಳಿದರೆ ಆ ಬೋಲ್ಟು ಬೇರೆ ಜಾತಿಯದು.