ಬೀದಿ ಹಾಕಿ ಊರು ಬೆಳೆಸಿದ ಅರಸ ಕೃಷ್ಣದೇವರಾಯ

ವಿಜಯನಗರದ ಅರಸ ಕೃಷ್ಣದೇವರಾಯನನ್ನು ಕನ್ನಡ ನಾಡು ರಣಧೀರನೆಂದು, ಕವಿಗಳ ಆಶ್ರಯದಾತನೆಂದು, ದೇವಾಲಯಗಳ ನಿರ್ಮಾಪಕನೆಂದು ಸ್ಮರಿಸುತ್ತದೆ. ಬೆಳೆಯುತ್ತಿದ್ದ ರಾಜಧಾನಿಯ ಹೊರವಲಯದಲ್ಲಿ ಹೊಸ ಊರುಗಳನ್ನು ಕಟ್ಟಿ, ಬೀದಿ ಮತ್ತು ಕಾಲುವೆಗಳ ಮೂಲಕ ಅವುಗಳನ್ನು ಹಳೆಯ ಊರಿಗೆ ಬೆಸೆದ ನಗರ ನಿರ್ಮಾಪಕನಾಗಿ ಅವನು ಅಷ್ಟಾಗಿ ಪರಿಚಿತನಲ್ಲ. ಇಂದಿನ ಹೊಸಪೇಟೆ ಆ ಕಾರ್ಯದ ಜೀವಂತ ಕುರುಹು.

ತುಳುವ ನರಸನಾಯಕ ಮತ್ತು ನಾಗಲಾಂಬಿಕೆಯ ಮಗನಾದ ಕೃಷ್ಣದೇವರಾಯ ಅಣ್ಣ ವೀರನರಸಿಂಹನ ನಂತರ 1509ರಲ್ಲಿ ಪಟ್ಟವೇರಿದನು. ಮಂತ್ರಿ ತಿಮ್ಮರಸನ ನೆರವಿನಿಂದ ಉಮ್ಮತ್ತೂರು, ಉದಯಗಿರಿ, ಕೊಂಡವೀಡುಗಳನ್ನು ಗೆದ್ದನು. 1520ರಲ್ಲಿ ರಾಯಚೂರು ಅವನ ವಶವಾಯಿತು. ಪ್ರತಿಯೊಂದು ವಿಜಯವೂ ರಾಜಧಾನಿಗೆ ಸಂಪತ್ತನ್ನೂ ಜನರನ್ನೂ ತಂದಿತು. ಅವರಿಗೆಲ್ಲ ನೆಲೆ, ನೀರು ಮತ್ತು ದಾರಿ ಒದಗಿಸುವುದು ಅರಸನ ಹೊಣೆಯಾಯಿತು.

ಬಂಡೆಗಳ ನಡುವಿನ ನಗರ

ವಿಜಯನಗರ ಸಮತಟ್ಟಾದ ಬಯಲಿನಲ್ಲಿ ಹರಡಿದ ಊರಲ್ಲ. ಉತ್ತರಕ್ಕೆ ತುಂಗಭದ್ರೆ, ಸುತ್ತಲೂ ಬಂಡೆಗಳ ಬೆಟ್ಟ, ನಡುವೆ ಕಾಲುವೆಯ ಗದ್ದೆಗಳು. 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಏಳು ಸುತ್ತಿನ ಕೋಟೆಯನ್ನು ಕಂಡು, ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ ಮತ್ತು ಮನೆಗಳಿದ್ದುದನ್ನು ದಾಖಲಿಸಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬೆಟ್ಟವೊಂದನ್ನು ಹತ್ತಿ ನೋಡಿದರೂ ಊರು ಪೂರ್ತಿ ಕಣ್ಣಿಗೆ ಬೀಳಲಿಲ್ಲ. ಕಂಡಷ್ಟೇ ಭಾಗ ಅವನಿಗೆ ರೋಮ್ ನಗರದಷ್ಟು ದೊಡ್ಡದೆನಿಸಿತು.

ಇಂಥ ನೆಲದಲ್ಲಿ ನಗರವನ್ನು ಬೆಳೆಸುವ ಕ್ರಮ ಪುರಗಳನ್ನು ಕಟ್ಟುವುದಾಗಿತ್ತು. ಮಧ್ಯದಲ್ಲಿ ದೇವಾಲಯ, ಅದರೆದುರು ನೇರವಾದ ರಥಬೀದಿ, ಎರಡೂ ಬದಿಗೆ ಅಂಗಡಿಗಳ ಸಾಲು, ಸಮೀಪದಲ್ಲಿ ಪುಷ್ಕರಣಿ. ಉದಯಗಿರಿಯ ವಿಜಯದ ನಂತರ 1515ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣ ದೇವಾಲಯದ ಸುತ್ತ ಕೃಷ್ಣಾಪುರ ಬೆಳೆಯಿತು. ವಿಠ್ಠಲ ದೇವಾಲಯಕ್ಕೆ ಅವನ ರಾಣಿಯರು 1513ರಲ್ಲಿ ಗೋಪುರಗಳನ್ನು ಕಟ್ಟಿಸಿದರು. ಆ ದೇವಾಲಯದ ಎದುರಿನ ರಥಬೀದಿಯ ಉದ್ದ ಸುಮಾರು ಒಂದು ಕಿ.ಮೀ. ಹೀಗೆ ರಾಜಧಾನಿ ಎಂಬುದು ಹಲವು ಪೇಟೆಗಳ ಸಮೂಹವಾಯಿತು.

ನಾಗಲಾಪುರದ ಹೆದ್ದಾರಿ

ಅರಸನ ಅತಿದೊಡ್ಡ ಯೋಜನೆ ರಾಜಧಾನಿಯ ನೈಋತ್ಯಕ್ಕೆ ಸಂಡೂರು ಬೆಟ್ಟಗಳ ಬುಡದಲ್ಲಿ ರೂಪುಗೊಂಡಿತು. ತಾಯಿಯ ಹೆಸರಿನಲ್ಲಿ ಅವನು ಕಟ್ಟಿಸಿದ ಆ ಊರೇ ನಾಗಲಾಪುರ, ಇಂದಿನ ಹೊಸಪೇಟೆ. ಪಾಯಸ್ ಮಾತ್ರ ರಾಣಿಯೊಬ್ಬಳ ಮೇಲಿನ ಪ್ರೀತಿಯಿಂದ ಅದನ್ನು ಕಟ್ಟಿಸಿದನೆಂದು ಬರೆದಿದ್ದಾನೆ.

ಹೊಸ ಊರನ್ನು ಕಟ್ಟಿ ಜನ ತಾವಾಗಿಯೇ ಬರಲೆಂದು ಅರಸ ಕಾಯಲಿಲ್ಲ. ತನ್ನ ಇತರ ಪಟ್ಟಣಗಳ ಪ್ರತಿಷ್ಠಿತ ವರ್ತಕರನ್ನು ಕರೆಸಿ ಅಲ್ಲಿ ನೆಲೆಗೊಳಿಸಿದನು. ತಾನೂ ಅಲ್ಲಿ ತಂಗುತ್ತಿದ್ದನು. ಪಾಯಸನ ತಂಡ ಬಂದಾಗ ಅರಸ ಇದ್ದುದು ಈ ಹೊಸ ನಗರದಲ್ಲಿಯೇ. ಅಲ್ಲಿಂದ ರಾಜಧಾನಿಯವರೆಗೆ ವಿಶಾಲವಾದ ಬೀದಿಯೊಂದಿತ್ತು. ಅದರ ಇಕ್ಕೆಲಗಳಲ್ಲಿ ಮನೆ, ಅಂಗಡಿಗಳ ಸಾಲು. ದಾರಿಹೋಕರಿಗೆ ನೆರಳಾಗಲೆಂದು ಸಾಲುಮರಗಳು. ಎರಡು ಊರುಗಳ ನಡುವೆ ಪಾಳುಭೂಮಿ ಉಳಿಯದಂತೆ ಬೀದಿಯೇ ಪೇಟೆಯಾಗಿತ್ತು.

ಈ ದಾರಿಯಲ್ಲಿ 1524ರಲ್ಲಿ ಅನಂತಶಯನ ದೇವಾಲಯ ಎದ್ದಿತು. ಅದರ ಸುತ್ತಲಿನ ಪುರಕ್ಕೆ ಅರಸ ತನ್ನ ಮಗ ತಿರುಮಲರಾಯನ ಹೆಸರಿಟ್ಟನು. ಪಟ್ಟಕ್ಕೇರಿಸಿದ ಆ ಬಾಲಕ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡನು. ವಿಷಪ್ರಾಶನದ ಸಂಶಯ ತಿಮ್ಮರಸನ ಮೇಲೆ ಬಿದ್ದು, ಆ ವೃದ್ಧ ಮಂತ್ರಿ ಕಣ್ಣು ಕಳೆದುಕೊಂಡನೆಂದು ಪೋರ್ಚುಗೀಸ್ ವರ್ತಕ ನೂನಿಜ್ ದಾಖಲಿಸಿದ್ದಾನೆ. ದೇವಾಲಯದ ಗರ್ಭಗುಡಿಯಲ್ಲಿ ಇಂದು ಮೂಲ ವಿಗ್ರಹವಿಲ್ಲ. ಅನಂತಶಯನ ಸ್ವಾಮಿ ಹಡಗಲಿ ಸೀಮೆಯ ಹೊಳಲಿನಲ್ಲಿಯೇ ನೆಲೆನಿಂತನೆಂಬುದು ಜನರ ನಂಬಿಕೆ.

ಕೆರೆಗೆ ತೆತ್ತ ಬೆಲೆ

ನೀರಿಲ್ಲದೆ ಹೊಸ ಊರು ನಿಲ್ಲದೆಂಬ ಅರಿವು ಅರಸನಿಗಿತ್ತು. ಎರಡು ಬೆಟ್ಟಗಳ ನಡುವೆ ಏರಿ ಹಾಕಿಸಿ ಬೃಹತ್ ಕೆರೆಯೊಂದನ್ನು ಕಟ್ಟಿಸಲು ಮುಂದಾದನು. ಗೋವೆಯ ಪೋರ್ಚುಗೀಸರಿಂದ ಜೊವಾವೊ ಡೆಲ್ಲಾ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನನ್ನು ಕರೆಸಿಕೊಂಡನು. 15ರಿಂದ 20 ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದುದನ್ನು ಪಾಯಸ್ ಕಂಡನು. ಏರಿ ಎರಡು ಮೂರು ಬಾರಿ ಒಡೆಯಿತು. ಕೊನೆಗೆ ದೇವತೆಯನ್ನು ತಣಿಸಲು ನರಬಲಿ ಕೊಡಲಾಯಿತೆಂದು ಪಾಯಸ್ ಮತ್ತು ನೂನಿಜ್ ಇಬ್ಬರೂ ಬರೆದಿದ್ದಾರೆ. ನಗರದ ವೈಭವವನ್ನು ಹೊಗಳುವಾಗ ಈ ಸಂಗತಿಯನ್ನು ಬದಿಗಿಡುವಂತಿಲ್ಲ.

ಕೆರೆ ಪೂರ್ಣಗೊಂಡ ಬಳಿಕ ಅದರ ನೀರಿನಿಂದ ಸಾಗುವಳಿ ಮಾಡುವವರಿಗೆ ಅರಸ ಒಂಬತ್ತು ವರ್ಷ ಕಂದಾಯ ಮನ್ನಾ ಮಾಡಿದನು. ಮುಂದೆ ಆ ಭೂಮಿಯಿಂದ 20,000 ವರಹಗಳ ಆದಾಯ ಬಂದಿತೆಂದು ನೂನಿಜ್ ಲೆಕ್ಕ ಕೊಡುತ್ತಾನೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿರುವ ರಾಯರ ಕೆರೆಯೇ ಇದೆಂದು ಗುರುತಿಸಲಾಗಿದೆ. 1521ರಲ್ಲಿ ಅವನು ಕೊರಗಲ್ ಅಣೆಕಟ್ಟು ಮತ್ತು ಬಸವಣ್ಣ ಕಾಲುವೆಗಳನ್ನೂ ನಿರ್ಮಿಸಿದನು. ಬಸವಣ್ಣ ಕಾಲುವೆಯ ನೀರು ಇಂದಿಗೂ ಹೊಸಪೇಟೆಯ ಗದ್ದೆಗಳಿಗೆ ಹರಿಯುತ್ತದೆ.

ಹೊಳೆಯಾಚೆಗೆ ದಾಟದ ಬೆಳವಣಿಗೆ

ಬೀದಿ ಇದ್ದ ದಕ್ಷಿಣ ದಿಕ್ಕಿಗೆ ನಗರ ಬೆಳೆಯಿತು. ಉತ್ತರದಲ್ಲಿ ಹೊಳೆ ಅಡ್ಡವಾಗಿತ್ತು. ಪಾಯಸ್ ಬಂದ ಕಾಲಕ್ಕೆ ಆನೆಗೊಂದಿಗೆ ಹೋಗುವವರು ದಾಟುತ್ತಿದ್ದುದು ಹರಿಗೋಲುಗಳಲ್ಲಿ; ದನ, ಕುದುರೆಗಳೂ ಅದರಲ್ಲಿಯೇ ಸಾಗುತ್ತಿದ್ದವು. ಹಿಂದಿನ ರಾಜಧಾನಿಯಾಗಿದ್ದ ಆನೆಗೊಂದಿಯಲ್ಲಿ ಆಗ ಕೆಲವೇ ಜನ ಉಳಿದಿದ್ದರು. ವಿಠ್ಠಲ ದೇವಾಲಯದ ಸಮೀಪ ಹಳೆಯ ಸೇತುವೆಯ ಕಲ್ಲುಕಂಬಗಳು ಹೊಳೆಯಲ್ಲಿ ಇಂದಿಗೂ ನಿಂತಿವೆ.

ಈ ಕೊರತೆ ಶತಮಾನಗಳನ್ನು ದಾಟಿ ಬಂದಿತು. ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಬಳಿಕ, ಕಮಲಾಪುರದಿಂದ ಕಂಪ್ಲಿಗೆ ಸಾಗುವ ದಾರಿಯಲ್ಲಿರುವ ಬುಕ್ಕಸಾಗರದ ಬಳಿ ಎದುರು ದಡದ ಕಡೆಬಾಗಿಲಿಗೆ ಸೇತುವೆ ನಿರ್ಮಾಣವಾಯಿತು.

ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡನು. 1565ರ ಯುದ್ಧದ ಸೋಲಿನ ಬಳಿಕ ಅರಮನೆ, ರಥಬೀದಿಗಳು ಪಾಳುಬಿದ್ದವು. ಕೆರೆ, ಕಾಲುವೆ ಮತ್ತು ದಾರಿಗಳನ್ನು ಆಶ್ರಯಿಸಿದ್ದ ನಾಗಲಾಪುರ ಮಾತ್ರ ಉಳಿದುಕೊಂಡಿತು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಅದನ್ನು ಇನ್ನಷ್ಟು ಬೆಳೆಸಿತು. 2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಹೊಸಪೇಟೆಯೇ ಅದರ ಕೇಂದ್ರವಾಯಿತು. ಹಂಪಿಗೆ ಹೊರಟವರು ಇಂದಿಗೂ ಅನಂತಶಯನಗುಡಿಯನ್ನು ಹಾದೇ ಹೋಗುತ್ತಾರೆ.