ಹಿರಿತನದ ಅಳತೆ: ಶಾಂತವೇರಿ ಗೋಪಾಲಗೌಡರ ಜೀವನ

ತೀರ್ಥಹಳ್ಳಿ ತಾಲ್ಲೂಕಿನ ಆರಗವು ಇಂದು ಸಣ್ಣ ಊರು. ವಿಜಯನಗರದ ಅರಸರ ಕಾಲದಲ್ಲಿ ಅದು ಒಂದು ಪ್ರಾಂತದ ಮುಖ್ಯಪಟ್ಟಣವಾಗಿತ್ತು. ಅರಸರ ಅಧಿಕಾರಿಗಳು ಕುಳಿತು ತೆರಿಗೆ ಎಣಿಸಿದ ಆ ಊರಿನಲ್ಲಿಯೇ 1923ರ ಮಾರ್ಚ್ 14ರಂದು ಒಬ್ಬ ಬಾಲಕನು ಹುಟ್ಟಿದನು. ತೆರುವವರ ಪರವಾಗಿ ನಿಂತು ಮಾತನಾಡುವುದೇ ಮುಂದೆ ಆತನ ಬಾಳಿನ ಕಾರ್ಯವಾಯಿತು. ಮಲೆನಾಡಿನ ಜನ ಇಂದಿಗೂ ಪ್ರೀತಿಯಿಂದ ನೆನೆಯುವ ಶಾಂತವೇರಿ ಗೋಪಾಲಗೌಡರೇ ಆತ.

ಹಿರಿಯರನ್ನು ಗೌರವಿಸಬೇಕೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆದರೆ ಹಿರಿಯರು ಯಾರು? ವಯಸ್ಸಾದವರೇ, ಸಿರಿವಂತರೇ, ಅಧಿಕಾರದಲ್ಲಿರುವವರೇ? ಗೋಪಾಲಗೌಡರ ಜೀವನವನ್ನು ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಬರಿಯ ಒಬ್ಬ ರಾಜಕಾರಣಿಯ ಕಥೆಗಿಂತ ಹೆಚ್ಚಿನದು ಅದರಲ್ಲಿ ಕಾಣುತ್ತದೆ.

ಅವರು ಬೆಳೆದ ಕಾಲದ ಮಲೆನಾಡನ್ನು ಮೊದಲು ತಿಳಿಯಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಗದ್ದೆ ತೋಟಗಳ ಬಹುಭಾಗ ಕೆಲವೇ ಮನೆತನಗಳ ಕೈಯಲ್ಲಿತ್ತು. ಉಳುವವರು ಗೇಣಿಯ ಒಕ್ಕಲುಗಳು. ಒಡೆಯರು ಜಗಲಿಯ ಮೇಲೆ, ಒಕ್ಕಲುಗಳು ಅಂಗಳದಲ್ಲಿ. ಇದು ಅಂದಿನ ಕ್ರಮ. ಎಪ್ಪತ್ತು ವರ್ಷದ ಒಕ್ಕಲಿಗನು ಅಂಗಳದಲ್ಲಿ ಕೈಮುಗಿದು ನಿಲ್ಲುವನು; ಒಡೆಯರ ಮನೆಯ ಹತ್ತು ವರ್ಷದ ಹುಡುಗನು ಆತನನ್ನು ಏಕವಚನದಲ್ಲಿ ಕರೆಯುವನು. ಅದನ್ನು ತಪ್ಪೆಂದು ಎಣಿಸಿದವರು ವಿರಳ. ಹಿರಿಯರಿಗೆ ತಗ್ಗಿ ನಡೆಯಬೇಕೆಂಬ ಸಮಾಜವೇ ಈ ಹಿರಿಯನನ್ನು ತಗ್ಗಿಸಿ ನಿಲ್ಲಿಸಿತ್ತು. ಅಲ್ಲಿ ಗೌರವಕ್ಕೆ ಅಳತೆಗೋಲಾಗಿದ್ದುದು ವಯಸ್ಸೂ ಅಲ್ಲ, ಗುಣವೂ ಅಲ್ಲ. ಹುಟ್ಟು ಮತ್ತು ಹಿಡುವಳಿ.

ವಿದ್ಯಾರ್ಥಿಯಾಗಿದ್ದಾಗ ಗೋಪಾಲಗೌಡರು 1942ರ ಚಲೇಜಾವ್ ಚಳವಳಿಗೆ ಇಳಿದು ಸೆರೆಮನೆಯನ್ನು ಕಂಡರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಸ್ವಾತಂತ್ರ್ಯ ಬಂದಿತು, ಅಂಗಳವೂ ಜಗಲಿಯೂ ಇದ್ದಂತೆಯೇ ಇದ್ದುವು. ದೇಶದ ಬಿಡುಗಡೆ ಗದ್ದೆಯ ಅಂಚಿನವರೆಗೆ ಬರಲಿಲ್ಲವೆಂಬ ಕೊರಗು ಅವರನ್ನು ಸಮಾಜವಾದಿ ಪಕ್ಷದ ಕಡೆಗೆ ಒಯ್ದಿತು.

ಆ ಹೊತ್ತಿಗೆ ಸಾಗರದ ಸಮೀಪದ ಕಾಗೋಡಿನಲ್ಲಿ ಅಸಮಾಧಾನವು ಹೊಗೆಯಾಡುತ್ತಿತ್ತು. ಜಗಳದ ಮೂಲ ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗವು ನ್ಯಾಯವಾದ ಅಳತೆಗಿಂತ ದೊಡ್ಡದೆಂದು ಒಕ್ಕಲುಗಳು ದೂರಿದರು; ಸರಿಯಾದ ಕೊಳಗದಲ್ಲಿ ಅಳೆಯಬೇಕೆಂದು ಕೇಳಿದರು. ಕೇಳಿದ್ದು ಸಣ್ಣ ಮಾತು. ಆದರೆ ಅಂಗಳದಲ್ಲಿ ನಿಂತವನು ಜಗಲಿಯವರನ್ನು ಪ್ರಶ್ನಿಸಿದ್ದು ದೊಡ್ಡ ಮಾತಾಯಿತು. ಅದನ್ನು ಅವಿಧೇಯತೆಯೆಂದು, ಹಿರಿಯರಿಗೆ ಮಾಡಿದ ಅಗೌರವವೆಂದು ಬಗೆದವರೇ ಹೆಚ್ಚು. ಒಕ್ಕಲುಗಳು ತಾವು ಉಳುತ್ತಿದ್ದ ಭೂಮಿಯನ್ನೇ ಕಳೆದುಕೊಳ್ಳುವ ಪ್ರಸಂಗ ಬಂದಿತು.

1951ರ ಏಪ್ರಿಲ್ 18ರಂದು ಸತ್ಯಾಗ್ರಹವು ಮೊದಲಾಯಿತು. ಒಕ್ಕಲುಗಳು ತಂಡ ತಂಡವಾಗಿ ಗದ್ದೆಗೆ ಇಳಿದು ಸೆರೆಯಾದರು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಈ ಚಳವಳಿಯನ್ನು ಗೋಪಾಲಗೌಡರೊಬ್ಬರೇ ಕಟ್ಟಿದರೆಂದು ಹೇಳುವುದು ಸರಿಯಲ್ಲ. ರೈತಸಂಘವನ್ನು ಹಳ್ಳಿಹಳ್ಳಿ ಅಲೆದು ಮೊದಲೇ ಕಟ್ಟಿದವರು ಎಚ್. ಗಣಪತಿಯಪ್ಪನವರು. ಬಿತ್ತಿದ ಹೊಲಕ್ಕೆ ನೀರು ಹಾಯಿಸಿದಂತೆ, ಗೋಪಾಲಗೌಡರೂ ಅವರ ಪಕ್ಷದವರೂ ಬಂದು ಸೇರಿ ಅದರ ಧ್ವನಿಯನ್ನು ರಾಜ್ಯಕ್ಕೆಲ್ಲ ಕೇಳಿಸಿದರು. ಜೂನ್ ತಿಂಗಳಿನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದಾಗ ದೇಶದ ಕಣ್ಣು ಕಾಗೋಡಿನತ್ತ ಹೊರಳಿತು. ಲೋಹಿಯಾ ಅವರು ಗೋಪಾಲಗೌಡರಿಗಿಂತ ಹದಿಮೂರು ವರ್ಷ ಹಿರಿಯರು. ಹೀಗೆ ನೋಡಿದರೆ, ಹಿರಿಯರ ವಿರುದ್ಧ ಕಿರಿಯರು ಎದ್ದ ದಂಗೆ ಇದಾಗಿರಲಿಲ್ಲ. ತಲೆನರೆತ ಒಕ್ಕಲಿಗನೂ ಮೀಸೆ ಮೂಡದ ಹುಡುಗನೂ ಒಂದೇ ಸಾಲಿನಲ್ಲಿ ಗದ್ದೆಗೆ ಇಳಿದರು. ಒಕ್ಕಲ ಮನೆಯ ಅಜ್ಜನಿಗೆ ಸಲ್ಲಬೇಕಾಗಿದ್ದ ಮರ್ಯಾದೆಯನ್ನು ಮೊಮ್ಮಕ್ಕಳು ಸೇರಿ ಕೇಳಿದ ಹೋರಾಟವದು.

ಮರುವರ್ಷ, 1952ರಲ್ಲಿ, ಮೊದಲ ಮಹಾಚುನಾವಣೆ. ಸಾಗರ-ಹೊಸನಗರ ಕ್ಷೇತ್ರಕ್ಕೆ ಗೋಪಾಲಗೌಡರು ಅಭ್ಯರ್ಥಿಯಾದರು. ಕೈಯಲ್ಲಿ ಹಣವಿಲ್ಲ. ಅವರು ಮನೆಮನೆಗೆ ನಡೆದು ಮತವನ್ನೂ ಅದರೊಡನೆ ಒಂದು ರೂಪಾಯಿಯ ನೋಟನ್ನೂ ಬೇಡಿದರು. ಕೊಡುವವನೂ ಬಡವ, ಬೇಡುವವನೂ ಬಡವ. ಜನರು ಎರಡನ್ನೂ ಕೊಟ್ಟರು. ಇಪ್ಪತ್ತೆಂಟರ ಹರೆಯದ ತರುಣನು ಪ್ರಬಲ ಕಾಂಗ್ರೆಸ್ ಅಭ್ಯರ್ಥಿಯನ್ನು ಸೋಲಿಸಿ ವಿಧಾನಸಭೆಯನ್ನು ಸೇರಿದನು. ವಯಸ್ಸಿನಲ್ಲಿ ತಂದೆಯಂತಿದ್ದವರು ಅವರನ್ನು ತಮ್ಮ ಪ್ರತಿನಿಧಿಯೆಂದು ಆರಿಸಿದ್ದರು. ಹಿರಿಯರು ಕಿರಿಯನಲ್ಲಿ ಇಟ್ಟ ಇಂತಹ ನಂಬಿಕೆಯೂ ಗೌರವದ ಒಂದು ರೂಪವೇ. ಗೌರವವೆಂಬುದು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವುದಿಲ್ಲ.

1957ರಲ್ಲಿ ಸೋತರು, 1962ರಲ್ಲಿಯೂ 1967ರಲ್ಲಿಯೂ ಮತ್ತೆ ಗೆದ್ದರು. ಸಭೆಯಲ್ಲಿ ಅವರ ಮಾತು ಹರಿತವಾಗಿತ್ತು. ಆಡಳಿತದ ಹಿರಿಯರೆಂಬ ಕಾರಣಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಆ ಮಾತಿನ ಹಿಂದೆ ಓದು ಇತ್ತು. ಕಾವ್ಯ ಸಂಗೀತಗಳಲ್ಲಿ ಅವರಿಗೆ ಆಳವಾದ ಒಲವು. ರಾಜ್ಯದ ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕು ಎಂದು ವಾದಿಸಿದವರಲ್ಲಿ ಅವರು ಮುಂಚೂಣಿಯವರು.

ಕಾಲ ಕಳೆದಂತೆ ಗೋಪಾಲಗೌಡರೇ ಹಿರಿಯರಾದರು. ನಲವತ್ತರ ವಯಸ್ಸು ಹಿರಿತನದ್ದಲ್ಲ. ಆದರೂ ತರುಣರು ಅವರ ಸುತ್ತ ನೆರೆದರು. ಅವರಿಗೆ ಗೋಪಾಲಗೌಡರು ಉಪದೇಶಕರಾಗಿರಲಿಲ್ಲ, ಜೊತೆ ಕುಳಿತು ವಾದಿಸುವ ಗೆಳೆಯರಾಗಿದ್ದರು. ಇದೇ ಸಮಾಜವಾದಿ ಬಳಗದಿಂದ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಎಸ್. ಬಂಗಾರಪ್ಪನವರೂ ಕಾಗೋಡು ತಿಮ್ಮಪ್ಪನವರೂ ಈ ಬಳಗದಿಂದಲೇ ಬೆಳೆದರು. ಬಂಗಾರಪ್ಪ, ಪಟೇಲ್ ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಗೋಪಾಲಗೌಡರಿಗಿಂತ ಒಂಬತ್ತು ವರ್ಷ ಕಿರಿಯರಾದ ತೀರ್ಥಹಳ್ಳಿ ತಾಲ್ಲೂಕಿನ ಯು.ಆರ್. ಅನಂತಮೂರ್ತಿಯವರು ಅವರ ಬದುಕಿನ ಛಾಯೆಯಲ್ಲಿ ‘ಅವಸ್ಥೆ’ ಎಂಬ ಕಾದಂಬರಿಯನ್ನೇ ಬರೆದರು.

ಗೋಪಾಲಗೌಡರಿಗೆ ಮುಪ್ಪು ಒದಗಲಿಲ್ಲ. ಕಾಯಿಲೆಯಿಂದ ನರಳಿ 1972ರ ಜೂನ್ 9ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು. ಮರುವರ್ಷ, 1973ರ ನವೆಂಬರ್ 1ರಂದು, ರಾಜ್ಯವು ಕರ್ನಾಟಕವಾಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರವು ಭೂಸುಧಾರಣೆಯ ಕಾನೂನಿಗೆ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಆ ಕಾನೂನಿನಿಂದ ಕೆಲವು ಸಣ್ಣ ಹಿಡುವಳಿದಾರರಿಗೆ ಕಷ್ಟವಾದುದೂ ನಿಜ. ಆದರೆ ಅಂಗಳದಲ್ಲಿ ನಿಂತಿದ್ದ ಸಾವಿರಾರು ಮಂದಿ ತಮ್ಮದೇ ಜಗಲಿಯ ಮೇಲೆ ಕುಳಿತದ್ದು ಅದರಿಂದಲೇ. ಗೋಪಾಲಗೌಡರು ಬಯಸಿದ ಎರಡು ಫಲಗಳೂ ಅವರ ಕಣ್ಣಿಗೆ ಬೀಳಲಿಲ್ಲ. ನಮ್ಮ ಕಡೆ ಮುದುಕರು ಹಲಸಿನ ಗಿಡವನ್ನು ನೆಡುವುದು ತಾವೇ ಹಣ್ಣು ತಿನ್ನುವ ಆಸೆಯಿಂದಲ್ಲ. ಸಮಾಜದಲ್ಲಿ ಹಿರಿಯರಿಗೆ ಇರುವ ಕೆಲಸ ಇದಕ್ಕಿಂತ ಬೇರೆಯಲ್ಲ.

ಇಂದು ಮಲೆನಾಡಿನ ಅನೇಕ ಮನೆಗಳಲ್ಲಿ ವಯಸ್ಸಾದವರು ಇಬ್ಬರೇ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಇನ್ನೂ ದೂರದಲ್ಲಿ. ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ದೇಶವು ಒಂದು ಕಾನೂನನ್ನೇ ಮಾಡಬೇಕಾಯಿತು. ಕಾನೂನು ಅನ್ನ ಬಟ್ಟೆಗಳನ್ನು ಕೊಡಿಸಬಲ್ಲದು. ಆದರದ ಮಾತನ್ನು ಕೊಡಿಸಲಾರದು. ಕಿರಿಯರು ಕೇಳಿದ ಪ್ರಶ್ನೆಯನ್ನು ಅಗೌರವವೆಂದು ತಿಳಿಯುವ ಹಿರಿಯರೂ ನಮ್ಮಲ್ಲಿದ್ದಾರೆ, ಹಿರಿಯರ ಮಾತನ್ನು ಕೇಳುವ ಮೊದಲೇ ಎದ್ದುಹೋಗುವ ಕಿರಿಯರೂ ಇದ್ದಾರೆ. ಇಬ್ಬರ ಕೊಳಗವೂ ಸರಿಯಿಲ್ಲ. ಪಡೆಯುವಾಗ ದೊಡ್ಡದು, ಕೊಡುವಾಗ ಚಿಕ್ಕದು. ಗೌರವವನ್ನು ಕೊಡುವುದಕ್ಕೂ ಪಡೆಯುವುದಕ್ಕೂ ಒಂದೇ ಅಳತೆ ಇರಬೇಕೆಂಬುದೇ ಕಾಗೋಡಿನ ಗದ್ದೆಗಳಿಂದ ನಾವು ಕಲಿಯಬೇಕಾದ ಪಾಠ.